ನೀಲಿ ತಂತಿಯ ಮೇಲಿನ ಹಲ್ಲಿನ ಗುರುತು

ನೈರೋಬಿಯ ಕನ್ನಡಿಗರಿಗೆ ನನ್ನಿಂದ ಬೇಕಾದದ್ದು ಹೆಚ್ಚೇನಿಲ್ಲ. "ಸಾರ್, ಸ್ವಲ್ಪ ನೋಡಿಬಿಡಿ" ಅಂದರೆ ನಾನು ಏಳಬೇಕು, ಅಷ್ಟೆ. ಇಂಡಸ್ಟ್ರಿಯಲ್ ಏರಿಯಾದ ಒಂದು ಮಾತ್ರೆ ಕಾರ್ಖಾನೆಯಲ್ಲಿ ನಾನು ಮೇಂಟೆನೆನ್ಸ್ ಮ್ಯಾನೇಜರ್. ವಾರಕ್ಕೆ ಆರು ದಿನ ಯಂತ್ರಗಳ ಜೊತೆ ಜಗಳಾಡಿ ಏಳನೆಯ ದಿನ ಯಾರದೋ ಮನೆಗೆ ಊಟಕ್ಕೆ ಹೋದರೆ, ಕೈ ತೊಳೆಯುವಷ್ಟರಲ್ಲಿ ಒಬ್ಬರು ಬಂದು ಗೀಸರ್ ತೋರಿಸುತ್ತಾರೆ, ಇನ್ನೊಬ್ಬರು ಇನ್ವರ್ಟರ್ ಕುಯ್ ಅನ್ನುತ್ತಿದೆ ಅನ್ನುತ್ತಾರೆ. ಡಾಕ್ಟರ ಮನೆಗೆ ಊಟಕ್ಕೆ ಹೋದಾಗ ನಾನು ಎಂದಾದರೂ ಅಂಗಿ ಬಿಚ್ಚಿ ಎದೆ ತೋರಿಸಿದ್ದೇನೆಯೇ? ಇಲ್ಲಿ ನಮ್ಮವರಿಗೆ ಇಂಜಿನಿಯರ್ ಎಂದರೆ ಸ್ಕ್ರೂಡ್ರೈವರಿನ ಸಮೇತ ಹುಟ್ಟಿದ ನೆಂಟ.

ಹೀಗೆ ಗೊಣಗಿಕೊಂಡೇ ಹನ್ನೆರಡು ವರ್ಷ ಕಳೆದಿದ್ದೇನೆ. ಆದರೆ ಈಗ ಹೇಳಹೊರಟಿರುವ ಕೆಲಸವನ್ನು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ನಾನಾಗಿಯೇ ಮಾಡಿದೆ.

ಲ್ಯಾವಿಂಗ್ಟನ್ನಿನಲ್ಲಿ ಒಬ್ಬ ಡಾಕ್ಟರು ಇದ್ದಾರೆ. ಮೈಸೂರಿನ ಕಡೆಯವರು, ಮೂವತ್ತು ವರ್ಷದಿಂದ ಇಲ್ಲೇ. ನನಗೆ ಆ ಮನುಷ್ಯ ಯಾವತ್ತೂ ಇಷ್ಟವಾದವರಲ್ಲ. ಮಾತಾಡುವಾಗ ನಾಡಿ ಹಿಡಿದವರಂತೆ ಮುಂಗೈ ಹಿಡಿದುಕೊಳ್ಳುತ್ತಾರೆ, ಬಿಡುವುದೇ ಇಲ್ಲ. ಮನೆಯ ಕೆಲಸದವರ ಬಗ್ಗೆ ಅವರೆದುರೇ ಕನ್ನಡದಲ್ಲಿ ಮಾತಾಡುತ್ತಾರೆ. ನಗುತ್ತಾ "ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿ ಚಹದ ಲೋಟ ತೆಗೆದುಕೊಂಡು, ಅದೇ ನಗೆಯಲ್ಲಿ ನಮ್ಮ ಕಡೆ ತಿರುಗಿ, "ಇವಳು ಶುದ್ಧ ಸೋಂಬೇರಿ ನೋಡಿ" ಅನ್ನುತ್ತಾರೆ. ಅವರೊಬ್ಬರನ್ನೇ ದೂರಿ ಏನು ಪ್ರಯೋಜನ? ಈ ಊರಿನಲ್ಲಿ ನಾವೆಲ್ಲರೂ ಕನ್ನಡವನ್ನು ಪರದೆಯಂತೆ ಬಳಸುತ್ತೇವೆ. ಅದರ ಹಿಂದೆ ನಿಂತು ಏನು ಬೇಕಾದರೂ ಅನ್ನಬಹುದು.

ಡಾಕ್ಟರ ಹೆಂಡತಿಗೆ ಸಂಧಿವಾತ. ಜೂನ್ ಜುಲೈ ಬಂತೆಂದರೆ ನೈರೋಬಿಯಲ್ಲಿ ವಾರಗಟ್ಟಲೆ ಸೂರ್ಯ ಮುಖ ತೋರಿಸುವುದಿಲ್ಲ. ಟೈಲ್ಸ್ ನೆಲದಿಂದ ಚಳಿ ಅಂಗಾಲಿಗೆ ಹತ್ತುತ್ತದೆ. ಆಗ ಆಕೆಯ ಬೆರಳುಗಳು ಮಡಿಸಿದರೆ ಬಿಚ್ಚುವುದಿಲ್ಲ. ಮಗಳು ಲಂಡನ್ನಿನಲ್ಲಿದ್ದಾಳೆ. ಅವಳ ಮನೆಯಲ್ಲಿ ಇರುವ ಹಾಗೆಯೇ ಇಲ್ಲೂ ಇರಲಿ ಎಂದು ಡಾಕ್ಟರು ಇಡೀ ಮನೆ ಬಿಸಿಮಾಡುವ ವ್ಯವಸ್ಥೆಯನ್ನು ಹಡಗಿನಲ್ಲಿ ತರಿಸಿದರು. ಹಿತ್ತಲಲ್ಲಿ ಗ್ಯಾಸಿನ ಬಾಯ್ಲರು, ಕೋಣೆಕೋಣೆಗೂ ಬಿಸಿನೀರು ಹರಿಯುವ ರೇಡಿಯೇಟರು, ಮಹಡಿಗೊಂದು ಕೆಳಗೊಂದು ದುಂಡನೆಯ ಥರ್ಮೋಸ್ಟಾಟು. ಅದರ ತಿರುಗಣೆ ಏರಿಸಿದರೆ ಒಳಗೆ ಟಿಕ್ ಎನ್ನುತ್ತದೆ, ಕರೆಂಟು ಹರಿದು ಕೊಳವೆಯ ಮೋಟಾರು ವಾಲ್ವು ತೆರೆಯುತ್ತದೆ, ಬಿಸಿನೀರು ಹರಿಯುತ್ತದೆ.

ಇದರ ವೈರಿಂಗ್ ಮಾಡಿದವನು ಕವಾಂಗ್ವಾರೆಯ ಒಬ್ಬ ಫುಂಡಿ. ಇಲ್ಲಿ ಕೈಕೆಲಸದವರನ್ನೆಲ್ಲ ಫುಂಡಿ ಎನ್ನುತ್ತಾರೆ, ಇವನು ಎಲೆಕ್ಟ್ರಿಷಿಯನ್. ನನ್ನದೇ ವಯಸ್ಸು, ಕಡಿಮೆ ಮಾತು. ನಮ್ಮವರ ಹತ್ತು ಹನ್ನೆರಡು ಮನೆಗಳಲ್ಲಿ ಇವನದೇ ಕೆಲಸ. ಅದಕ್ಕೆ ಕಾರಣ ನಮ್ಮ ವಾಟ್ಸಾಪ್ ಗುಂಪು. ಯಾರ ಮನೆಗೆ ಯಾವ ಡ್ರೈವರ್, ಯಾವ ಅಡುಗೆಯವಳು, ಯಾವ ಫುಂಡಿ ಎಂಬುದೆಲ್ಲ ಅಲ್ಲೇ ತೀರ್ಮಾನ. ಒಬ್ಬರು "ಒಳ್ಳೆಯವನು" ಎಂದರೆ ಹನ್ನೆರಡು ಬಾಗಿಲು ತೆರೆಯುತ್ತವೆ. ಒಬ್ಬರು "ಬೇಡ" ಎಂದರೆ ಹನ್ನೆರಡೂ ಮುಚ್ಚುತ್ತವೆ, ಮತ್ತೆ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಏಪ್ರಿಲ್ಲಿನಲ್ಲಿ ಅವನು ಕೆಲಸ ಮುಗಿಸಿ, ಓಡಿಸಿ ತೋರಿಸಿದ್ದ. ಮನೆ ಬಿಸಿಯಾಗಿತ್ತು. ಇದನ್ನು ನೆನಪಿಡಬೇಕು.

ಮೇ ತಿಂಗಳ ಒಂದು ಭಾನುವಾರ ಡಾಕ್ಟರ ಮನೆಯಲ್ಲಿ ಊಟ. ಒಬ್ಬಟ್ಟು ತಿಂದ ಮೇಲೆ ಅವರು ನಮ್ಮನ್ನೆಲ್ಲ ಮಹಡಿಗೆ ಕರೆದುಕೊಂಡು ಹೋಗಿ, ದೇವಸ್ಥಾನ ತೋರಿಸುವವರಂತೆ ಒಂದೊಂದೇ ರೇಡಿಯೇಟರ್ ತೋರಿಸಿದರು. ಕೊನೆಗೆ ಮೆಟ್ಟಿಲ ತುದಿಯಲ್ಲಿದ್ದ ವೈರಿಂಗ್ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆದರು. ಒಳಗೆ ಎಲ್ಲ ತಂತಿಗಳೂ ಸಾಲಾಗಿ ಕೂತಿದ್ದವು. ಪ್ರತಿ ತಂತಿಯ ತುದಿಗೂ ಪುಟ್ಟ ಲೋಹದ ಟೋಪಿ. ನಾವು ಅದಕ್ಕೆ ಲಗ್ ಎನ್ನುತ್ತೇವೆ. ನಮ್ಮ ಕಾರ್ಖಾನೆಯಲ್ಲೂ ಇಷ್ಟು ಅಚ್ಚುಕಟ್ಟು ಇಲ್ಲ. ನನಗೆ ಮೆಚ್ಚುಗೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು.

ನಾನು ಕೆಲಸ ಕಲಿತದ್ದು ಪೀಣ್ಯದಲ್ಲಿ. ಅಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸು, ಕಪ್ಪು ನ್ಯೂಟ್ರಲ್. ನೀಲಿ ಮುಟ್ಟಿದರೆ ಒದೆ, ಕಪ್ಪು ಮುಟ್ಟಿದರೆ ಕ್ಷೇಮ ಎಂಬುದು ಇಪ್ಪತ್ತನೆಯ ವಯಸ್ಸಿಗೇ ರಕ್ತಕ್ಕೆ ಇಳಿದ ಪಾಠ. ಇಲ್ಲಿ ಹಾಗಲ್ಲ. ಇಲ್ಲಿ ನೀಲಿಯೇ ನ್ಯೂಟ್ರಲ್. ಕಪ್ಪಿನಲ್ಲಿ ಕರೆಂಟು ಬರಬಹುದು. ಇದು ನನಗೆ ಗೊತ್ತಿಲ್ಲದ ವಿಷಯವೇ? ನಮ್ಮಲ್ಲಿ ಭಾರತದ ಯಂತ್ರಗಳೂ ಇವೆ, ಯುರೋಪಿನವೂ ಇವೆ. ಹೊಸದಾಗಿ ಸೇರಿದ ಪ್ರತಿಯೊಬ್ಬನಿಗೂ ಮೊದಲ ದಿನವೇ ಹೇಳುತ್ತೇನೆ, ಬಣ್ಣ ನಂಬಬೇಡ, ಮೀಟರ್ ನಂಬು ಅಂತ. ಊರಿಗೆಲ್ಲ ಉಪದೇಶ.

ಅವತ್ತು ಮೀಟರ್ ಇರಲಿಲ್ಲ. ಹೊಟ್ಟೆ ತುಂಬಿತ್ತು, ಎಂಟು ಜನ ನನ್ನ ಮುಖ ನೋಡುತ್ತಿದ್ದರು. ಥರ್ಮೋಸ್ಟಾಟಿನಿಂದ ಬಂದ ಕಪ್ಪು ತಂತಿ ವಾಲ್ವಿನ ಫೇಸಿಗೆ ಸೇರಿತ್ತು, ನೀಲಿ ನ್ಯೂಟ್ರಲ್ ಸಾಲಿನಲ್ಲಿತ್ತು. ನಾನು ಜೋರಾಗಿ ನಕ್ಕೆ.

"ಯಾರು ಡಾಕ್ಟ್ರೇ ಇದನ್ನ ಮಾಡಿದ್ದು? ಕಪ್ಪನ್ನ ಫೇಸಿಗೆ ಕೊಟ್ಟಿದಾನಲ್ಲ! ಉಲ್ಟಾ ಪಲ್ಟಾ!"

"ಅಯ್ಯೋ, ಹೌದಾ? ಡೇಂಜರಾ ಸಾರ್?"

"ಒಂದ್ನಿಮಿಷ ಬಿಡಿ" ಎಂದೆ. ಮೇಡಂ ಹತ್ತಿರ ತರಕಾರಿ ಚಾಕು ಕೇಳಿ ತರಿಸಿಕೊಂಡೆ. ಬೋರ್ಡಿನಲ್ಲಿ ಕರೆಂಟು ಆರಿಸಿ, ಎರಡೂ ತಂತಿ ಬಿಚ್ಚಿದೆ. ಅದಲುಬದಲು ಮಾಡಹೋದರೆ, ಲಗ್ಗಿನ ಸಮೇತ ಅವು ತೂತುಗಳಿಗೆ ಸಲೀಸಾಗಿ ಹೋಗಲಿಲ್ಲ. "ಇದೆಲ್ಲ ಶೋಕಿ" ಎಂದು ಲಗ್ ಕತ್ತರಿಸಿ ಎಸೆದೆ. ಚಾಕು ಮೊಂಡು, ಪೀಣ್ಯದಲ್ಲಿ ಮಾಡುತ್ತಿದ್ದ ಹಾಗೆ ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆದೆ. ತಾಮ್ರದ ಎಳೆಗಳನ್ನು ಹೊಸೆದು, ಮಡಿಸಿ, ಕಪ್ಪನ್ನು ನ್ಯೂಟ್ರಲ್ಲಿಗೂ ನೀಲಿಯನ್ನು ವಾಲ್ವಿಗೂ ಕೊಟ್ಟೆ. ಕರೆಂಟು ಹಾಕಿದರೆ ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಅವತ್ತು ಸೆಖೆ, ತಿರುಗಣೆ ಇಳಿಸಿತ್ತು, ಥರ್ಮೋಸ್ಟಾಟು ಬಿಸಿಯನ್ನೇ ಕೇಳಿರಲಿಲ್ಲ. ನೋಡುತ್ತಿದ್ದವರು ತಲೆದೂಗಿದರು. ಡಾಕ್ಟರು ನನ್ನ ಮುಂಗೈ ಹಿಡಿದು, "ನೀವಿಲ್ದಿದ್ರೆ ನಮ್ಮ ಗತಿ ಏನು ಸಾರ್" ಎಂದರು. ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಜುಲೈಯಲ್ಲಿ ಚಳಿ ಬಂತು. ಒಂದು ಶನಿವಾರ ಬೆಳಿಗ್ಗೆ ಡಾಕ್ಟರ ಫೋನು.

"ಸಾರ್, ಹೀಟಿಂಗ್ ಆನ್ ಮಾಡಿದ್ರೆ ಸಾಕು, ಠಪ್ ಅಂತ ಟ್ರಿಪ್ ಆಗತ್ತೆ. ಆ ಫುಂಡಿನ ಕರೆಸಿದ್ದೆ. ಬಂದವನೇ ಬಾಕ್ಸ್ ತೆಗೆದು, ಯಾರೋ ಇದನ್ನ ಬಿಚ್ಚಿದಾರೆ ಅಂತಾನೆ! ಎಷ್ಟು ಕೊಬ್ಬು ನೋಡಿ. ನಮ್ಮ ಇಂಜಿನಿಯರ್ ನಿನ್ನ ತಪ್ಪನ್ನ ಸರಿ ಮಾಡಿದಾರೆ, ಅದನ್ನ ಮುಟ್ಟಿದ್ರೆ ಜೋಕೆ ಅಂದೆ. ವಾಪಸ್ ಕಳಿಸ್ದೆ. ಇವತ್ತು ಅವನನ್ನೂ ಬರಹೇಳಿದೀನಿ. ನೀವೇ ಅವನ ಮುಂದೆ ಹೇಳ್ಬೇಕು, ಏನು ಹಾಳು ಮಾಡಿದಾನೆ ಅಂತ. ಆಮೇಲೆ ನಾನು ಗ್ರೂಪಲ್ಲಿ ಹಾಕ್ಬಿಡ್ತೀನಿ."

ಇಷ್ಟು ಕೇಳಿದ ಮೇಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಟ್ರಾಫಿಕ್ಕಿನಲ್ಲಿ ಲಾರಿಗಳ ನಡುವೆ ಒಂದೂವರೆ ಗಂಟೆ ಕೂತು, ದಾರಿಯುದ್ದಕ್ಕೂ ಡಾಕ್ಟರನ್ನೂ ಬೈದೆ, ಫುಂಡಿಯನ್ನೂ ಬೈದೆ, ದಾರಿ ಬಿಡದ ಮಟಾಟು ವ್ಯಾನುಗಳನ್ನೂ ಬೈದೆ. ಈ ಸಲ ಮೀಟರ್ ತಂದಿದ್ದೆ.

ಮೇಡಂ ಎರಡು ಶಾಲು ಹೊದ್ದು ಸೋಫಾದ ಮೂಲೆಯಲ್ಲಿ ಕೂತಿದ್ದರು. ಕಾಫಿ ಲೋಟವನ್ನು ಬೆರಳಿನಲ್ಲಿ ಹಿಡಿಯಲಾಗದೆ ಎರಡು ಅಂಗೈ ನಡುವೆ ಒತ್ತಿ ಹಿಡಿದಿದ್ದರು. ಫುಂಡಿ ಮೆಟ್ಟಿಲ ಬಳಿ ನಿಂತಿದ್ದ. ಆ ಮನೆಯ ನಿಯಮದ ಪ್ರಕಾರ ಶೂ ಹೊರಗೆ ಬಿಟ್ಟು, ಬರೀ ಕಾಲುಚೀಲದಲ್ಲಿ. ಅವನ ಕೆಲಸದ ಚೀಲವನ್ನೂ ಹೊರಗೇ ಇಡಿಸಿದ್ದರು. ನನ್ನನ್ನು ನೋಡಿ ತಲೆಯನ್ನೂ ಆಡಿಸಲಿಲ್ಲ. ಕಾಲುಚೀಲದಲ್ಲಿ ನಿಂತವನಿಗೆ ಇಷ್ಟು ಬಿಗುವೇ ಎಂದು ನನಗೆ ಸಿಟ್ಟು ಬಂತು.

ಕೆಲಸ ಶುರುಮಾಡಿದೆ. ತಿರುಗಣೆ ಇಳಿಸಿ ಬೋರ್ಡಿನ ಸ್ವಿಚ್ ಎತ್ತಿದರೆ ಎತ್ತಿದ ಹಾಗೇ ನಿಲ್ಲುತ್ತದೆ. ತಿರುಗಣೆ ಏರಿಸಿದರೆ ಮೇಲೆ ಟಿಕ್, ಕೆಳಗೆ ಠಪ್. ಮೊದಲು ವಾಲ್ವಿನ ಮೋಟಾರ್ ಸುಟ್ಟಿದೆ ಎಂದುಕೊಂಡೆ. ವಾಲ್ವಿನ ಹತ್ತಿರವೇ ಅದರ ಕನೆಕ್ಟರ್ ಕಳಚಿ ನೋಡಿದೆ. ಆಗಲೂ ಠಪ್. ಹಾಗಾದರೆ ವಾಲ್ವ್ ಅಲ್ಲ. ಥರ್ಮೋಸ್ಟಾಟನ್ನು ಗೋಡೆಯಿಂದ ಇಳಿಸಿ ಮೀಟರ್ ಹಿಡಿದೆ. ತಿರುಗಿಸಿದಾಗ ಸರಿಯಾಗಿ ಕೂಡುತ್ತಿತ್ತು, ಸರಿಯಾಗಿ ಬಿಡುತ್ತಿತ್ತು. ಅದೂ ಅಲ್ಲ. ಉಳಿದದ್ದು ಗೋಡೆಯೊಳಗಿನ ಕೇಬಲ್. ಕರೆಂಟು ಆರಿಸಿ, ಥರ್ಮೋಸ್ಟಾಟಿನ ಕಡೆಯ ಕಪ್ಪು ತಂತಿಗೂ ನ್ಯೂಟ್ರಲ್ಲಿಗೂ ನಡುವೆ ಮೀಟರ್ ಇಟ್ಟೆ. ಕುಯ್ ಎಂದಿತು. ಎರಡೂ ಒಂದಾಗಿವೆ. ಬಿಸಿ ಕೇಳಿದ ಕೂಡಲೇ ಫೇಸು ನೇರ ನ್ಯೂಟ್ರಲ್ಲಿಗೆ ಬಡಿಯುತ್ತಿದೆ.

"ಗೋಡೆ ಒಳಗೆ ಮೊಳೆ ಹೊಡೆದಿದಾನೆ ಡಾಕ್ಟ್ರೇ, ಕೇಬಲ್ಲಿಗೆ" ಎಂದೆ. ಖುಷಿಯಿಂದಲೇ ಎಂದೆ. ಕನ್ನಡದಲ್ಲಿ ಎಂದೆ.

"ನಾನು ಹೇಳ್ಲಿಲ್ವಾ!" ಎಂದು ಡಾಕ್ಟರು ಫೋನ್ ಕೈಗೆತ್ತಿಕೊಂಡರು.

ಆಗ ಫುಂಡಿ ಮೊದಲ ಬಾರಿಗೆ ಬಾಯಿ ಬಿಟ್ಟ. ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದ: "ಇಂಜಿನಿಯರ್, ಪೆಟ್ಟಿಗೆ ತೆಗೆದು ನೋಡಿ. ನಿಮ್ಮ ಕಣ್ಣಿನಿಂದಲೇ ನೋಡಿ. ನನಗೆ ಮುಟ್ಟಲು ಬಿಡುತ್ತಿಲ್ಲ."

ಮುಚ್ಚಳ ತೆಗೆದೆ. ಸಾಲುಸಾಲು ತಂತಿಗಳು, ಎಲ್ಲದರ ತುದಿಗೂ ಲಗ್. ಎರಡಕ್ಕೆ ಮಾತ್ರ ಇಲ್ಲ. ಆ ಎರಡರ ತಾಮ್ರವನ್ನು ಯಾರೋ ಹೊಸೆದು ಮಡಿಸಿದ್ದರು, ಕಪ್ಪನ್ನು ನೇರ ನ್ಯೂಟ್ರಲ್ ಸಾಲಿಗೆ ಕೊಟ್ಟಿದ್ದರು. ನೀಲಿ ತಂತಿಯ ಸಿಪ್ಪೆಯ ಮೇಲೆ ಹಲ್ಲು ಕಚ್ಚಿದ ಗುರುತಿತ್ತು. ಒಂದು ಕಡೆ ಆಳ, ಪಕ್ಕದಲ್ಲಿ ಸಣ್ಣ ಬಿಡುವು. ನನ್ನ ಎಡಗಡೆಯ ಕೋರೆಹಲ್ಲಿನ ಪಕ್ಕದ ಹಲ್ಲು ಅರ್ಧ ಮುರಿದಿದೆ. ಗೊತ್ತಿಲ್ಲದೆಯೇ ನನ್ನ ನಾಲಿಗೆ ಅಲ್ಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹಲ್ಲು ಮುಟ್ಟಿ ನೋಡಿಕೊಂಡೆ. ತಿರುಗಿದರೆ ಫುಂಡಿ ನನ್ನ ಬಾಯಿಯನ್ನೇ ನೋಡುತ್ತಿದ್ದ.

ಹಿಂದೆ ಬಂದು ಪೆಟ್ಟಿಗೆ ತೆಗೆದ ದಿನವೇ ಅವನಿಗೆ ಗೊತ್ತಾಗಿತ್ತು. ನಾನು ಬಂದು ನೋಡಲಿ, ನೋಡಿ ನಾನೇ ಹೇಳಲಿ ಎಂದು ಕಾದಿದ್ದ.

"ಏನ್ ಸಾರ್, ಏನಾಗಿದೆ?" ಎಂದರು ಡಾಕ್ಟರು.

ನನ್ನ ಬಾಯಿಂದ ಬಂದದ್ದು ಇದು: "ಏನಿಲ್ಲ, ಸ್ವಲ್ಪ ಲೂಸ್ ಇದೆ."

ಆ ಮಾತು ಹೇಗೆ ಬಂತೋ ನನಗೇ ಗೊತ್ತಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಚೆನ್ನಾಗಿ ಗೊತ್ತು. ಎರಡು ತಂತಿ ಅದಲುಬದಲು ಮಾಡಿ, ಮುಚ್ಚಳ ಹಾಕಿದರೆ ಐದು ನಿಮಿಷದಲ್ಲಿ ಮನೆ ಬಿಸಿಯಾಗುತ್ತದೆ; ನನ್ನ ಹೆಸರೂ ಉಳಿಯುತ್ತದೆ. ಲೂಸ್ ಎಂಬುದು ಯಾರ ತಪ್ಪೂ ಅಲ್ಲದ ತಪ್ಪು, ಎಲ್ಲರೂ ಒಪ್ಪುವ ತಪ್ಪು. ಇಷ್ಟನ್ನೂ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿಯೇ ಹೇಳಿದೆ.

"ಲೂಸ್ ಬಿಟ್ಟಿದಾನೆ ಅಂದ್ರೆ! ಬೆಂಕಿ ಹತ್ತಿದ್ರೆ ಯಾರು ಸಾರ್ ಗತಿ?" ಎನ್ನುತ್ತಾ ಡಾಕ್ಟರು ಫೋನಿನ ಮೇಲೆ ಹೆಬ್ಬೆರಳು ಓಡಿಸಿದರು. ಟೈಪ್ ಮಾಡುತ್ತಲೇ ಗಟ್ಟಿಯಾಗಿ ಓದಿದರು: ಈ ಫುಂಡಿಯನ್ನು ಯಾರೂ ಕರೆಯಬೇಡಿ, ಅಪಾಯದ ಕೆಲಸ ಮಾಡುತ್ತಾನೆ, ನಮ್ಮ ಇಂಜಿನಿಯರ್ ಸಾಹೇಬರೇ ಖುದ್ದಾಗಿ ಪರೀಕ್ಷಿಸಿ ಹೇಳಿದ್ದಾರೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎತ್ತೇ ನಿಂತು ಬರೆ ಎಳೆಸುತ್ತಿತ್ತು. ನನಗೆ ಹೇಸಿಗೆಯಾಯಿತು. ಡಾಕ್ಟರ ಮೇಲೆ ಇಷ್ಟು ವರ್ಷ ಸಾಕಿಕೊಂಡು ಬಂದ ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಿತ್ತು.

"ಕಳಿಸ್ಬೇಡಿ ಡಾಕ್ಟ್ರೇ" ಎಂದೆ. "ಇದು ಅವನ ತಪ್ಪಲ್ಲ. ಮೇ ತಿಂಗಳಲ್ಲಿ ನಾನು ಅದಲುಬದಲು ಮಾಡಿದ್ನಲ್ಲ, ಅದೇ. ಅವನು ಮಾಡಿದ್ದು ಸರಿಯಾಗೇ ಇತ್ತು. ತಪ್ಪು ನಂದು."

ಡಾಕ್ಟರು ತಲೆಯೆತ್ತಿ ನನ್ನನ್ನು ಒಂದು ಕ್ಷಣ ನೋಡಿದರು. ಆಮೇಲೆ ನಕ್ಕರು. ಬಂದು ಮುಂಗೈ ಹಿಡಿದುಕೊಂಡರು.

"ನಿಮ್ಮದು ದೊಡ್ಡ ಮನಸ್ಸು ಸಾರ್. ಪಾಪ, ಹೊಟ್ಟೆಪಾಡಿನವನು ಅಂತ ನಿಮ್ಮ ಮೇಲೆ ಹಾಕ್ಕೋತಿದೀರಾ. ಇಂಥವರಿಗೆಲ್ಲ ಅಷ್ಟು ದಯೆ ತೋರಿಸ್ಬಾರ್ದು. ಮೆಸೇಜ್ ಕಳಿಸಾಯ್ತು, ಬಿಡಿ."

"ದಯೆ ಅಲ್ಲ ಡಾಕ್ಟ್ರೇ, ನಿಜ ಹೇಳ್ತಿದೀನಿ. ನೋಡಿ ಇಲ್ಲಿ, ನನ್ನ ಹಲ್ಲಿನ ಗುರುತಿದೆ."

"ಹಲ್ಲಾ?" ಎಂದು ಇನ್ನೂ ಜೋರಾಗಿ ನಕ್ಕರು. ಸೋಫಾದಿಂದ ಮೇಡಂ ಕೂಡ ಮುಗುಳ್ನಕ್ಕು, "ಇವರು ಬಂದ್ರೆ ಮನೇಲಿ ನಗು ನೋಡಿ" ಎಂದರು.

ಫುಂಡಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ನನ್ನ ತಪ್ಪೊಪ್ಪಿಗೆಯೂ ಕನ್ನಡದಲ್ಲೇ ನಡೆದಿತ್ತು. ಅವನಿಗೆ ಕಂಡದ್ದು ಇಷ್ಟು: ನಾನು ಏನೋ ಹೇಳಿದೆ, ಎಲ್ಲರೂ ನಕ್ಕರು.

"ಅವರಿಗೆ ಏನು ಹೇಳಿದೆ?" ಎಂದು ನನ್ನನ್ನು ಕೇಳಿದ. ಸಾರ್ ಇಲ್ಲ, ಇಂಜಿನಿಯರ್ ಇಲ್ಲ.

"ನನ್ನ ತಪ್ಪು ಅಂತ ಹೇಳಿದೆ."

"ಹಾಗಾದರೆ ಯಾಕೆ ನಗುತ್ತಿದ್ದಾರೆ?"

ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದೆ, ಡಾಕ್ಟರಿಗೆ ಕೇಳುವ ಹಾಗೆ. ಡಾಕ್ಟರೂ ಇಂಗ್ಲಿಷಿನಲ್ಲೇ ಫುಂಡಿಗೆ ಹೇಳಿದರು: "ನೋಡಿ ಕಲಿತುಕೋ. ನಿನ್ನ ತಪ್ಪನ್ನು ತನ್ನದು ಎನ್ನುತ್ತಿದ್ದಾರೆ. ದೊಡ್ಡ ಮನುಷ್ಯ."

"ಸವಾ" ಎಂದ ಫುಂಡಿ. ಸರಿ, ಆಯಿತು ಎಂದರ್ಥ. ಇಷ್ಟು ವರ್ಷದಲ್ಲಿ ಆ ಮಾತನ್ನು ಸಾವಿರ ಸಲ ಕೇಳಿದ್ದೇನೆ. ಹಾಗೆ ಹೇಳಿದ್ದನ್ನು ಕೇಳಿರಲಿಲ್ಲ. ನಾನು ತಂತಿ ಬಿಚ್ಚಲು ಕೈ ಹಾಕಿದಾಗ ಅವನು ಬೇಡ ಎಂದ. ಹೊರಗೆ ಹೋಗಿ ಚೀಲ ತಂದ. ಈ ಸಲ ಯಾರೂ ತಡೆಯಲಿಲ್ಲ. ಹಲ್ಲಿನ ಗುರುತಿದ್ದ ತುದಿಯನ್ನು ಕತ್ತರಿಸಿ, ಸಿಪ್ಪೆ ಸುಲಿಯುವ ಇಕ್ಕಳದಿಂದ ಸುಲಿದು, ಎರಡಕ್ಕೂ ಹೊಸ ಲಗ್ ತೊಡಿಸಿ, ತಾನು ಏಪ್ರಿಲ್ಲಿನಲ್ಲಿ ಕೊಟ್ಟಿದ್ದ ಜಾಗಕ್ಕೇ ಕೊಟ್ಟ. ಮೀಟರಿಟ್ಟು ನೋಡಿದ. ತಿರುಗಣೆ ಏರಿಸಿದ. ಟಿಕ್ ಎಂದಿತು, ಕೆಳಗೆ ಬೋರ್ಡಿನ ಸ್ವಿಚ್ ಬೀಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕೊಳವೆ ಬೆಚ್ಚಗಾಯಿತು. ಕತ್ತರಿಸಿದ ನೀಲಿ ತುಂಡನ್ನು ನನ್ನ ಅಂಗೈ ಮೇಲೆ ಇಟ್ಟು, ಶೂ ಹಾಕಿಕೊಂಡು ಹೊರಟುಹೋದ.

ಸಂಜೆ ಲಂಗಾಟಾದ ನಮ್ಮ ಮನೆಗೆ ಬಂದ ಮೇಲೆ ಗುಂಪಿನಲ್ಲಿ ಉದ್ದಕ್ಕೆ ಬರೆದೆ. ತಪ್ಪು ಪೂರ್ತಿ ನನ್ನದು, ಆತ ಒಳ್ಳೆಯ ಕೆಲಸಗಾರ, ದಯವಿಟ್ಟು ಅವನನ್ನೇ ಕರೆಯಿರಿ ಎಂದು. ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. "ನಿಮ್ಮಂಥವರು ಅಪರೂಪ ಸಾರ್" ಎಂದು ಒಬ್ಬರು. "ವಿನಯ ಅಂದ್ರೆ ಇದು" ಎಂದು ಇನ್ನೊಬ್ಬರು. ಒಬ್ಬರಾದರೂ ನಂಬಲಿಲ್ಲ. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ನಿಜವನ್ನು ಹೊಗಳಿ ಮುಗಿಸಿದರು. ಎರಡು ವಾರದೊಳಗೆ ಹನ್ನೆರಡು ಮನೆಗಳೂ ಅವನನ್ನು ಬಿಟ್ಟವು. ನಾನು ನಾಲ್ಕೈದು ಬಾರಿ ಫೋನ್ ಮಾಡಿದೆ. ಒಮ್ಮೆ ಮಾತ್ರ ಎತ್ತಿದ. ಕ್ಷಮೆ ಕೇಳಿದೆ. "ನನಗೆ ಹೇಳಿ ಏನಾಗಬೇಕು? ನಿಮ್ಮ ಜನಕ್ಕೆ ಹೇಳು" ಎಂದು ಇಟ್ಟುಬಿಟ್ಟ.

ಹೇಳುತ್ತಲೇ ಇದ್ದೇನೆ. ಈಗ ಆ ಹನ್ನೆರಡು ಮನೆಗಳಿಂದಲೂ ನನಗೇ ಕರೆ. "ಸಾರ್, ಆ ಫುಂಡಿನ ಬಿಟ್ಬಿಟ್ವಲ್ಲ, ನೀವೇ ಸ್ವಲ್ಪ ನೋಡಿಬಿಡಿ." ಹೋಗುತ್ತೇನೆ. ಮುಚ್ಚಳ ತೆಗೆಯುತ್ತೇನೆ. ಒಳಗೆ ಅವನ ಕೆಲಸ. ಪ್ರತಿ ತಂತಿಗೂ ಲಗ್, ಒಂದೂ ಸಡಿಲವಿಲ್ಲ. ಎಲ್ಲೋ ಒಂದು ಬಲ್ಬು ಹೋಗಿರುತ್ತದೆ, ಇಲ್ಲವೇ ಗೀಸರಿನ ಕಾಯ್ಲು ಸುಟ್ಟಿರುತ್ತದೆ. "ಇದರಲ್ಲಿ ಏನೂ ತಪ್ಪಿಲ್ಲ. ಲ್ಯಾವಿಂಗ್ಟನ್ನಲ್ಲೂ ಇರಲಿಲ್ಲ. ಅಲ್ಲಿ ಕೆಡಿಸಿದ್ದು ನಾನು. ಅವನನ್ನೇ ವಾಪಸ್ ಕರೀರಿ" ಎನ್ನುತ್ತೇನೆ. ಪ್ರತಿ ಮನೆಯಲ್ಲೂ ಹೇಳಿದ್ದೇನೆ. ಅವರು ನಗುತ್ತಾರೆ. "ಇನ್ನೂ ಅದೇ ಹೇಳ್ತೀರಲ್ಲ ಸಾರ್" ಎನ್ನುತ್ತಾ ಒಳಗೆ ಹೋಗಿ ಕಾಫಿ ತರುತ್ತಾರೆ.

ಕುಡಿದು ಬರುತ್ತೇನೆ.